ಮೂರು ಚಿಲಕದ ಬಾಗಿಲು

ಅಜ್ಜಿಗೆ ಕಿವಿ ಕೇಳದೆ ಆರು ವರ್ಷವಾಗಿತ್ತು. ಅದಕ್ಕೇನಂತೆ, ಅವಳು ಕಾಲಲ್ಲಿ ಕೇಳುತ್ತಿದ್ದಳು. ಹಲಗೆಯ ಮೇಲೆ ಬರಿಗಾಲಲ್ಲಿ ನಿಂತರೆ ಸಾಕು, ಆ ತುದಿಯಲ್ಲಿ ಯಾರ ಹಿಮ್ಮಡಿ ಬಿತ್ತು, ಯಾರ ಹೆಬ್ಬೆರಳು ಜಾರಿತು, ಎಲ್ಲವೂ ಅಂಗಾಲಿನಿಂದ ಮೊಣಕಾಲಿಗೆ ಏರಿ ಬರುತ್ತಿತ್ತು. ಅವಳ ಜನರ ಕುಣಿತವೇ ಅಂಥದ್ದು. ಏಳು ತಲೆಮಾರಿನ ಹಿಂದೆ ಆಫ್ರಿಕಾದಿಂದ ಹಡಗಿನ ಹೊಟ್ಟೆಯಲ್ಲಿ ತುಂಬಿ ತಂದವರು ಡೋಲು ಕಿತ್ತುಕೊಂಡರು. ಕಾಲು ಕಿತ್ತುಕೊಳ್ಳಲು ಆಗಲಿಲ್ಲ. ಅಂದಿನಿಂದ ಕಾಲೇ ಕೋಲು, ಹಲಗೆಯೇ ಡೋಲು.

ಅವತ್ತು ಸಂಜೆ ನಾಲ್ಕಕ್ಕೆ ಸಮುದಾಯ ಭವನದಲ್ಲಿ ಅವರ ಕುಣಿತ. ಬೆಳಿಗ್ಗೆ ತಾಲೀಮಿಗೆ ಹೋದರೆ ವೇದಿಕೆ ತುಂಬ ಕೆಂಪು ಕಾರ್ಪೆಟ್ಟು!

"ನಿಮಗೋಸ್ಕರಾನೇ ಹೊಸದಾಗಿ ಹಾಕಿಸಿದ್ದು," ಅಂದಳು ಭವನದ ಮೇಡಂ, ಮುಖ ಊರಗಲ ಮಾಡಿ. ಕೆಟ್ಟ ಮನಸ್ಸಿನವಳಲ್ಲ. ಊರು ಹೊರಗಿಟ್ಟ ಕಲಾವಿದರಿಗೂ ಈ ವೇದಿಕೆ ಸಿಗಬೇಕು ಅಂತ ಎರಡು ವರ್ಷ ಕಮಿಟಿಯ ಜೊತೆ ಗುದ್ದಾಡಿದವಳು. ಕಾರ್ಪೆಟ್ಟು ಮಾತ್ರ ಬೆರಳು ದಪ್ಪ, ಅಡಿಯಲ್ಲಿ ಸಿಮೆಂಟು, ನಡುವೆ ಬಿಡಿಸಲಾಗದ ಅಂಟು.

ಏಳು ಹೆಂಗಸರು ಸಾಲಾಗಿ ನಿಂತರು. ಆ ತುದಿಯಲ್ಲಿ ಎಂಟನೆಯವಳಾಗಿ ಅಜ್ಜಿ ಕಣ್ಣು ಮುಚ್ಚಿ ನಿಂತಳು. ಹೆಜ್ಜೆ ಶುರುವಾಯಿತು. ಅಜ್ಜಿ ಮೋಡದ ಮೇಲೆ ನಿಂತವಳಂತೆ ಕಾದೇ ಕಾದಳು.

"ಯಾಕ್ರೇ ನಿಲ್ಲಿಸಿದಿರಿ?" ಅಂದಳು.

ಯಾರೂ ನಿಲ್ಲಿಸಿರಲಿಲ್ಲ.

"ಮುಗೀತು ಕತೆ," ಅಂದಳು ಸಾಲಿನ ಮೊದಲಿನವಳಾದ ಟೈಲರ್ ಅತ್ತೆ. "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಅಂತ ಊರೆಲ್ಲ ಆಡಿಕೊಳ್ಳುತ್ತೆ."

"ನೆಲ ಡೊಂಕೇ ಅತ್ತೆ," ಅಂದ ಬಡಗಿ. ಅಜ್ಜಿಯ ಮೊಮ್ಮಗ. ಸಾಮಾನು ಹೊರಲು ಬಂದವನೇ ಹೊರತು ಕುಣಿಯಲು ಅಲ್ಲ. "ಇವರಿಗೆ ಬೇಕಾಗಿರೋದು ನಮ್ಮ ಕಾಲಲ್ಲ, ನಮ್ಮ ಬಣ್ಣ. ಫೋಟೊ ಚೆನ್ನಾಗಿ ಬರುತ್ತಲ್ಲ, ಕೆಂಪಿನ ಮೇಲೆ ಕಪ್ಪು!"

ಮೇಡಂ ಮುಖ ಬಾಡಿತು. "ಹೆಜ್ಜೆ ಸದ್ದನ್ನ ಸ್ಪೀಕರಲ್ಲಿ ಜೋರಾಗಿ ಹಾಕಿದರೆ..."

"ಕಿವುಡಿ ಮುಂದೆ ಶಂಖ ಊದ್ತೀರಾ?" ಅಂದ ಬಡಗಿ.

ಅಜ್ಜಿ ತುಟಿಗಳನ್ನು ಓದುತ್ತ ವೇದಿಕೆಯ ಅಂಚಿಗೆ ಕೂತಳು. "ಇವತ್ತು ಎಡವಿದೆ ಅಂದರೆ ಇನ್ನು ನನ್ನ ಕಾಲಿಗೆ ಧೈರ್ಯ ಬರೋಲ್ಲ ಮಗಾ."

ಕೊನೆಯ ಸುತ್ತಿನ ಮರಳುಹೆಜ್ಜೆ, ಅಂದರೆ ಹಡಗು ತಿರುಗಿ ಮನೆಗೆ ಹೋಗುವ ಹೆಜ್ಜೆ, ಬರುತ್ತಿದ್ದುದು ಅವಳೊಬ್ಬಳಿಗೇ. ಕೂತು ಹೇಳಿಕೊಡೇ ಅಂದರೆ ಬಾರದು. ಏಳು ಜನರ ಹೆಜ್ಜೆ ಅಂಗಾಲಿಗೆ ತಾಗಿದಾಗಲೇ ಅದು ಎಲ್ಲಿಂದಲೋ ಎದ್ದು ಬರುತ್ತಿತ್ತು. ಅವಳು ಕೂತಳೆಂದರೆ ಅದೂ ಕೂತ ಹಾಗೆ.

"ಹಲಗೆ ಬೇಕು," ಅಂದ ಬಡಗಿ. "ಈಗಿಂದೀಗ ಎಲ್ಲಿಂದ ತರೋದು?"

ಟೈಲರ್ ಅತ್ತೆ ಸೆರಗಿಗೆ ಚುಚ್ಚಿದ್ದ ಸೂಜಿ ತೆಗೆಯುತ್ತ ಅಂದಳು, "ನಮ್ಮ ಮನೆ ಬಾಗಿಲು ಹಲಗೆಯಲ್ಲದೆ ಹಪ್ಪಳವೇನೋ? ಬಿಚ್ಚಿಕೊಂಡು ಬಾ ಹೋಗು."

ಹಾಗೆ ಶುರುವಾಯಿತು. ಹನ್ನೊಂದು ಗಂಟೆಯ ಬಿಸಿಲಲ್ಲಿ ಬಡಗಿ ಮನೆಮನೆಯ ಕೀಲು ಬಿಚ್ಚಿದ. ಒಂದೊಂದು ಬಾಗಿಲಿಗೂ ಗೆಣ್ಣಿಂದ ಬಡಿದು ಕಿವಿಯಿಟ್ಟ. ಅತ್ತೆಯದು ಗಡಸು ದನಿ, ಸಾಲಿನಲ್ಲಿದ್ದ ನರ್ಸಮ್ಮನದು ಕೆಮ್ಮು, ಬಾಡಿಗೆ ಮನೆಯ ಪ್ಲೈವುಡ್ಡಿನದು ಬರೀ ಚಾಡಿಮಾತು. ಆಮೇಲೆ ಬೀದಿಯಲ್ಲಿ ಬಾಗಿಲುಗಳು ನಡೆದವು. ತಲೆಯ ಮೇಲೆ ಮಲಗಿ, ನಿಧಾನವಾಗಿ ತೂಗುತ್ತ, ಕೆಳಗೆ ಬರೀ ಕಾಲುಗಳು. ನೀಲಿ ಬಾಗಿಲು, ಹಸಿರು ಬಾಗಿಲು, ಮಗುವಿನ ಎತ್ತರ ಅಳೆದ ಪೆನ್ಸಿಲ್ ಗೆರೆಗಳಿದ್ದ ಬಾಗಿಲು. ಒಂದರ ಹಿಡಿ ತಾನಾಗಿ ತಿರುಗುತ್ತಿತ್ತು, ಆಕಾಶದಿಂದ ಯಾರೋ ಒಳಗೆ ಬರಲು ನೋಡುತ್ತಿದ್ದಾರೋ ಎಂಬಂತೆ. ಹಿಂದೆ ಉಳಿದ ಮನೆಗಳು ಬಾಯಿ ಬಿಟ್ಟುಕೊಂಡು ನೋಡಿದವು. ಒಂದರೊಳಗಿನ ಕುರ್ಚಿಗೆ ಹುಟ್ಟಿದಾಗಿನಿಂದ ಮೊದಲ ಸಲ ಬಿಸಿಲು ಬಿತ್ತು.

ಬಡಗಿ ಕಾರ್ಪೆಟ್ಟಿನ ಮೇಲೆ ಮರದ ಪಟ್ಟಿ ಇಟ್ಟು, ಅಡಿಯಲ್ಲಿ ಪೊಳ್ಳು ಬಿಟ್ಟು, ಬಾಗಿಲಿಗೆ ಬಾಗಿಲು ಜೋಡಿಸಿ ಬೆಣೆ ಹೊಡೆದ. ಒಂದೂ ಮೊಳೆ ಇಲ್ಲ. ಮತ್ತೆ ಮನೆ ಸೇರಬೇಕಾದವು. ಆರು ಬಾಗಿಲಾದವು. ಆರನೆಯದಕ್ಕೂ ಆ ತುದಿಯಲ್ಲಿ ಅಜ್ಜಿ ನಿಲ್ಲಲೆಂದು ಇಟ್ಟ ಹಲಗೆತುಂಡಿಗೂ ನಡುವೆ ಸರಿಯಾಗಿ ಒಂದು ಬಾಗಿಲಿನಷ್ಟು ಕೆಂಪು ಉಳಿಯಿತು.

ಹೆಂಗಸರು ತುಳಿದರು. ಸದ್ದು ಓಡಿ ಬಂದು ಆ ಕೆಂಪಿನಲ್ಲಿ ಮುಳುಗಿತು. ಅಜ್ಜಿ ತಲೆಯಾಡಿಸಿದಳು: ಊಹೂಂ.

"ಇನ್ನೊಂದು ಮನೆಯಿದೆಯಲ್ಲ," ಅಂದಳು ನರ್ಸಮ್ಮ, ಬಡಗಿಯ ಕಣ್ಣು ತಪ್ಪಿಸುತ್ತ.

"ಅದು ಬೇಡ," ಅಜ್ಜಿ ಕಿವುಡರ ದೊಡ್ಡ ದನಿಯಲ್ಲಿ ಅಂದಳು. "ಅದಿಲ್ಲದೆ ಅವನಿಗೆ ನಿದ್ದೆ ಬರೋಲ್ಲ."

ಎಲ್ಲರಿಗೂ ಗೊತ್ತಿತ್ತು. ಬಡಗಿಗೆ ಹದಿನಾಲ್ಕಿದ್ದಾಗ ಶಾಲೆಯ ಹುಡುಗರು ಮನೆ ಮುಂದೆ ನಿಂತು "ಕರಿಯಾ, ಕುಣಿಯೋ!" ಎಂದು ಕೂಗಿ ಕಲ್ಲೆಸೆದಿದ್ದರು. ಹಳೆಯ ಬಾಗಿಲು ತೂತಾಗಿತ್ತು. ಮರುದಿನದಿಂದ ಅವನು ಶಾಲೆಗೂ ಹೋಗಲಿಲ್ಲ, ಕುಣಿಯಲೂ ಇಲ್ಲ, ಮರಗೆಲಸಕ್ಕೆ ಸೇರಿದ. ಮೊದಲು ಮಾಡಿದ್ದೇ ಆ ಬಾಗಿಲು. ಎರಡು ಬೆರಳು ದಪ್ಪ, ಮೂರು ಚಿಲಕ.

ಗಡಿಯಾರ ಮೂರೂಕಾಲು ತೋರಿಸುತ್ತಿತ್ತು. ಬಡಗಿ ಅಜ್ಜಿಯ ಪಾದ ನೋಡಿದ. ಅವು ಹಲಗೆಯ ಮೇಲೆ ಕತ್ತಲಲ್ಲಿ ಗೋಡೆ ತಡವುವ ಕೈಗಳಂತೆ ಮೆಲ್ಲಗೆ ಸರಿದಾಡುತ್ತಿದ್ದವು. ಅವನು ಸ್ಕ್ರೂಡ್ರೈವರ್ ಹಿಡಿದು ಎದ್ದ.

ಚಿಲಕಗಳು ಹೊರಚಾಚಿದ್ದವು, ಅವಿದ್ದರೆ ಬಾಗಿಲು ಮಟ್ಟಸ ಕೂರದು. ಒಂದನ್ನು ಬಿಚ್ಚಿದ, ಎರಡನ್ನು ಬಿಚ್ಚಿದ. ಮೂರನೆಯದರ ಸ್ಕ್ರೂ ತುಕ್ಕು ಹಿಡಿದು ಹಟ ಮಾಡಿತು. "ನಿನ್ನಜ್ಜಿ..." ಎಂದು ಬೈಯಲು ಹೋಗಿ ನಾಲಿಗೆ ಕಚ್ಚಿಕೊಂಡ. ಕೊನೆಗೂ ಬಂತು. ಮೂರನ್ನೂ ಜೇಬಿಗೆ ಹಾಕಿ ಬಾಗಿಲೆತ್ತಿದರೆ ಒಬ್ಬನಿಗೆ ಏಳದು. ಅಷ್ಟರಲ್ಲಿ ಆ ತುದಿ ತಾನಾಗಿ ಮೇಲೆದ್ದಿತು. ಮೇಡಂ. ಚಪ್ಪಲಿ ಬಿಟ್ಟು, ಏದುಸಿರು ಬಿಡುತ್ತ ಬಂದಿದ್ದಳು.

"ಭಾರ ಇದೆ," ಅಂದ.

"ಗೊತ್ತಾಗ್ತಿದೆ. ನಡಿ."

ಮೂಲೆ ಮನೆಯ ಜಗಲಿಯಲ್ಲಿ ಒಬ್ಬ ಗಂಡಸು ಪೇಪರ್ ಮಡಿಸಿ ಎದ್ದು ನಿಂತ. ಅಂದು ಕಲ್ಲೆಸೆದವರಲ್ಲೊಬ್ಬ. ಬಡಗಿ ಅವನನ್ನು ನೋಡಿದ, ಬಾಗಿಲಿಲ್ಲದ ತನ್ನ ಮನೆಯನ್ನು ನೋಡಿದ, ಮುಂದೆ ನಡೆದ.

ಏಳನೆಯ ಬಾಗಿಲು ಕೆಂಪಿನ ಮೇಲೆ ಅಚ್ಚು ಹಾಕಿದಂತೆ ಕೂತಿತು. ಪರದೆ ಸರಿಯಿತು. ಟೈಲರ್ ಅತ್ತೆಯ ಹಿಮ್ಮಡಿ ಬಿತ್ತು. ಸದ್ದು ನೀಲಿಯಿಂದ ಹಸಿರಿಗೆ, ಹಸಿರಿನಿಂದ ಪೆನ್ಸಿಲ್ ಗೆರೆಗಳಿಗೆ ದಾಟಿ, ದಪ್ಪ ಬಾಗಿಲಿಗೆ ಬಂದು ಗುಡುಗಿತು. ಅಜ್ಜಿಯ ಮೊಣಕಾಲು ನಡುಗಿತು, ಕಣ್ಣು ತೆರೆಯಿತು. "ಬಂತು ಕಣ್ರೇ!" ಎಂದು ಸಭೆಗೆಲ್ಲ ಕೇಳುವಂತೆ ಕೂಗಿದಳು.

ಆಮೇಲೆ ಭವನದ ಗೋಡೆಗಳು ಎಲ್ಲೋ ಸರಿದು ಹೋದವು. ಬಾಗಿಲುಗಳು ನೀರಿನ ಮೇಲಿನ ತೆಪ್ಪದಂತೆ ತೂಗಿದವು. ಕೊನೆಯ ಸುತ್ತಿಗೆ ಅಜ್ಜಿ ಮೊಮ್ಮಗನ ಬಾಗಿಲ ಮೇಲೆ ಬಂದು ನಿಂತಳು. ಒಂದು ಕಾಲು ಎಳೆದಳು, ಒಂದು ತಟ್ಟಿದಳು, ತಿರುಗಿದಳು. ಮರಳುಹೆಜ್ಜೆ. ಏಳು ಹೆಂಗಸರು ಅದನ್ನು ಕಾಲಿಂದ ಕಾಲಿಗೆ ಈಸಿಕೊಂಡರು. ಪಕ್ಕದಲ್ಲಿ ಬೆಣೆ ಹಿಡಿದು ಕೂತಿದ್ದ ಬಡಗಿಯ ಅಂಗೈಗೂ ಅದು ಬಂತು. ಕೈ ತೆಗೆಯಲು ಮನಸ್ಸಾಗಲಿಲ್ಲ.

ಬೆಳಕಿರುವಾಗಲೇ ಬಾಗಿಲುಗಳು ಮನೆ ಸೇರಿದವು. ಬಡಗಿಯ ಮನೆಯಲ್ಲಿ ಏನೂ ಕದಲಿರಲಿಲ್ಲ. ಒಂದು ಬೆಕ್ಕು ಮಾತ್ರ ಹಾಸಿಗೆಯ ಯಜಮಾನಿಕೆ ವಹಿಸಿಕೊಂಡಿತ್ತು. ಬಡಗಿ ಬಾಗಿಲನ್ನು ಕೀಲಿಗೆ ಕೂರಿಸಿ ಜೇಬಿಗೆ ಕೈ ಹಾಕಿದ. ಆಚೆವರೆಗೂ ಕೊರೆದ ಸ್ಕ್ರೂ ತೂತುಗಳಿಂದ ಸಂಜೆಬಿಸಿಲು ಒಳಗಿನ ಗೋಡೆಯ ಮೇಲೆ ಚುಕ್ಕಿ ಇಟ್ಟಿತ್ತು.

"ಬುಧವಾರ ಬುಧವಾರ ಭವನ ನಮಗೇ ಅಂತೆ," ಅಂದಳು ಅಜ್ಜಿ ಕಾಲು ಚಾಚುತ್ತ. "ಕಾರ್ಪೆಟ್ಟು ಕೀಳೋವರೆಗೂ ಬಾಗಿಲು ಹೊರಬೇಕು."

"ನಾಳೇನೇ ಬುಧವಾರ."

"ಮತ್ತೆ? ಆ ಚಿಲಕ ಹಾಕೋದು, ನಾಳೆ ಬಿಚ್ಚೋದು, ಯಾಕೆ ಬೇಕು ಆ ದಂಡ ಕೆಲಸ?"

ಅವನು ಬಾಗಿಲನ್ನು ಸುಮ್ಮನೆ ಮುಂದೆ ದೂಡಿ ಒಳಗೆ ಬಂದ. ಜೇಬಿನಲ್ಲಿ ಮೂರು ಚಿಲಕ ಹೆಜ್ಜೆಗೊಮ್ಮೆ ಗಿಲಕ್ಕೆಂದವು.