ಗೌಡರು ಮುಯ್ಯಾಳಾಗಿ ಬಂದ ದಿನ

ಅಪ್ಪ ಮಾತು ಬಿಟ್ಟು ಹತ್ತೊಂಬತ್ತು ದಿನವಾಗಿತ್ತು. ಊಟಕ್ಕೆ ಕರೆದರೆ ಬರುತ್ತಿದ್ದ. ಅರ್ಧ ಮುದ್ದೆ ಉಂಡು ಮತ್ತೆ ಒಳಕೋಣೆಯ ಗೋಡೆಗೆ ಒರಗುತ್ತಿದ್ದ. ನಮ್ಮಪ್ಪ ಮುದ್ದಯ್ಯ ಮೂವತ್ತು ವರ್ಷ ಚಿಕ್ಕಣ್ಣಗೌಡರ ಹೊಗೆಸೊಪ್ಪು ಒಣಗಿಸುವ ಬ್ಯಾರನ್ನಿನಲ್ಲಿ ಬೆಂಕಿ ನೋಡಿಕೊಂಡವನು. ಒಳಗೆ ಕಟ್ಟಿದ ಸೊಪ್ಪು ಯಾವಾಗ ಹಳದಿಗೆ ತಿರುಗುತ್ತದೆಂದು ಬಾಗಿಲ ಸಂದಿಯ ವಾಸನೆ ಹಿಡಿದೇ ಹೇಳುತ್ತಿದ್ದ. ಗುರುಪುರದ ಸುತ್ತಲಿನವರೂ ಅವನನ್ನು ಕೇಳಿಕೊಂಡು ಬರುತ್ತಿದ್ದರು.

ಅಂಥವನ ಕೈಯಲ್ಲಿ ಒಂದು ಬ್ಯಾರನ್ ಸೊಪ್ಪು ಕಪ್ಪಾಯಿತು. ತಪ್ಪು ಅವನದಲ್ಲ. ಸೊಪ್ಪಿನ ಹಸಿ ಆರುವ ಮೊದಲೇ ಬೆಂಕಿ ಜೋರು ಮಾಡಿಸಿದವನು ಗೌಡರ ಮಗ ಯತೀಶ್. ಬೇಡ ಅಂತ ಅಪ್ಪ ಎರಡು ಸಲ ಹೇಳಿದ್ದ. ಗೌಡರು ಬಂದರು, ಯಾರನ್ನೂ ಕೇಳಲಿಲ್ಲ, ಸೊಪ್ಪು ಕಟ್ಟುತ್ತ ಕೂತಿದ್ದ ಇಪ್ಪತ್ತು ಹೆಂಗಸರ ಎದುರು ಅಪ್ಪನ ಕೆನ್ನೆಗೆ ಹೊಡೆದರು. ಆ ಇಪ್ಪತ್ತರಲ್ಲಿ ನಮ್ಮವ್ವ ಮರಮ್ಮನೂ ಒಬ್ಬಳು.

ನಾನು ಸಂಘಮಿತ್ರ. ಹುಣಸೂರಿನ ಒಂದು ಮಹಿಳಾ ಸಂಸ್ಥೆಯಲ್ಲಿ ಕೆಲಸ. ಸುದ್ದಿ ತಿಳಿದ ಸಂಜೆಯೇ ಹೋಗಿ ಪೊಲೀಸರಿಗೆ ದೂರು ಕೊಟ್ಟೆ. ಅದರ ಬಗ್ಗೆ ನನಗೆ ಇವತ್ತಿಗೂ ಒಂದಿಷ್ಟೂ ಅಳುಕಿಲ್ಲ. ಆದರೆ ದೂರು ಕೊಟ್ಟರೂ ಅಪ್ಪ ಗೋಡೆ ಬಿಟ್ಟು ಏಳಲಿಲ್ಲ. ಸಂಘರ್ಷ ಪರಿಹಾರದ ಬಗ್ಗೆ ಮೈಸೂರಿನಲ್ಲಿ ಮೂರು ದಿನ ತರಬೇತಿ ಪಡೆದು ಬಂದಿದ್ದೆ. ದೇಹ, ಮನಸ್ಸು, ಸಮುದಾಯ, ಕಾನೂನು ಅಂತ ನಾಲ್ಕು ಬಣ್ಣದಲ್ಲಿ ನಾಲ್ಕು ವೃತ್ತ ಬರೆದ ಚಾರ್ಟನ್ನು ಅವ್ವನ ಮುಂದೆ ಹರಡಿ ಅರ್ಧ ಗಂಟೆ ವಿವರಿಸಿದೆ. ಅವ್ವ ಪೂರ್ತಿ ಕೇಳಿದಳು. ಮಾರನೆಯ ದಿನ ನೋಡಿದರೆ ನನ್ನ ಚಾರ್ಟು ರಾಗಿ ಹಿಟ್ಟಿನ ಡಬ್ಬದ ಕೆಳಗೆ ಹಾಸಿತ್ತು. ನನಗೆ ಮೈಯೆಲ್ಲ ಉರಿಯಿತು.

ಅಪ್ಪನಿಗೆ ಹೊಡೆದ ದಿನದಿಂದ ನಮ್ಮ ಕೆಳಗಿನ ಬೀದಿಯ ಒಬ್ಬರೂ ಗೌಡರ ಹೊಲಕ್ಕೆ ಹೋಗುತ್ತಿರಲಿಲ್ಲ. ಯಾರೂ ಡಂಗುರ ಹೊಡೆಸಿ ಹೇಳಿದ್ದಲ್ಲ. ಅವ್ವ ಮನೆಯಲ್ಲಿ ಉಳಿದಳು, ಮಿಕ್ಕವರೂ ಉಳಿದರು, ಅಷ್ಟೆ. ಮುರಿಯುವ ಹದಕ್ಕೆ ಬಂದ ಸೊಪ್ಪು ಯಾರಿಗೂ ಕಾಯುವುದಿಲ್ಲ. ಹತ್ತೊಂಬತ್ತನೆಯ ದಿನ ಬೆಳಿಗ್ಗೆ ಚಿಕ್ಕಣ್ಣಗೌಡರು ನಮ್ಮ ಜಗಲಿಯ ಮುಂದೆ ಬಂದು ನಿಂತರು.

"ಮರಮ್ಮ, ಆಗಿದ್ದು ಆಗೋಯ್ತು. ನಿನ್ ಮಗಳಿಗೆ ದೂರು ವಾಪಸ್ ತಗೊಳ್ಳೋಕೇಳು. ತಪ್ಪು ದಂಡ ಏನ್ ಕಟ್ಬೇಕೋ ಕಟ್ತೀನಿ."

"ದೂರು ಅದ್ರ ಪಾಡಿಗೆ ಅದು ನಡೀಲಿ ಗೌಡ್ರೆ. ದಂಡ ನಮ್ಗೆ ಬ್ಯಾಡ," ಅಂದಳು ಅವ್ವ. "ನಮ್ ಹೊಲ್ದಲ್ಲಿ ರಾಗಿ ಕಳೆ ಕೀಳೋದದೆ. ಮುಯ್ಯಾಳಾಗಿ ಬನ್ನಿ. ನಿಮ್ ಮಗನ್ನೂ ಕರ್ಕೊಂಬನ್ನಿ."

ಗೌಡರ ಮುಖ ನೋಡಬೇಕಿತ್ತು. ಅವರ ಮುಖವಿರಲಿ, ನನ್ನ ಬಾಯಿಯೂ ತೆರೆದೇ ಇತ್ತು. ಈ ದಿನ ನನ್ನ ಹೊಲಕ್ಕೆ ನೀನು, ನಾಳೆ ನಿನ್ನ ಹೊಲಕ್ಕೆ ನಾನು, ಹೊಲದವರು ಊಟ ಹಾಕಬೇಕು, ಇದು ಮುಯ್ಯಾಳು. ಮೇಲಿನ ಬೀದಿಯವರು ತಮ್ಮತಮ್ಮಲ್ಲಿ ಮಾಡಿಕೊಳ್ಳುತ್ತಾರೆ, ಕೆಳಗಿನ ಬೀದಿಯವರು ತಮ್ಮತಮ್ಮಲ್ಲಿ. ನಾವು ಅವರ ಹೊಲಕ್ಕೆ ಹೋದರೆ ಕೂಲಿಗೆ ಮಾತ್ರ. ಅವರು ನಮ್ಮ ಹೊಲಕ್ಕೆ ಬಂದು ಬಗ್ಗಿದ್ದನ್ನು, ನಮ್ಮ ಕೈಯ ಮುದ್ದೆ ಉಂಡದ್ದನ್ನು ನನ್ನ ಅಜ್ಜಿಯೂ ಕಂಡಿರಲಿಲ್ಲ.

"ಏನ್ ಮಾತಾಡ್ತಿದ್ದೀಯ ನೀನು?" ಅಂದರು ಗೌಡರು.

"ಇಪ್ಪತ್ ಜನದ ಮುಂದೆ ಒಡುದ್ರಿ. ಆ ಇಪ್ಪತ್ ಜನಾನೂ ಹೊಲ್ದಲ್ಲಿರ್ತಾರೆ. ಬಂದ್ರೆ ನಾವೂ ನಿಮ್ ಸೊಪ್ ಮುರಿಯೋಕೆ ಬತ್ತೀವಿ. ಇಲ್ಲಾಂದ್ರೆ ಬುಡಿ."

ಗೌಡರು ತಿರುಗಿ ನೋಡದೆ ಹೋದರು. ನಾನು ಅವ್ವನ ಮೇಲೆ ಹರಿಹಾಯ್ದೆ. ಅವರು ಬರುವುದು ಕನಸಿನ ಮಾತು, ಇದ್ದ ಒಂದು ದಾರಿಯನ್ನೂ ನೀನೇ ಮುಚ್ಚಿಬಿಟ್ಟೆ ಎಂದೆ.

"ನಿನ್ ದೂರು ಗೌಡ್ರುನ್ನ ಸ್ಟೇಷನ್‌ಗೆ ಕರೀತದೆ ಕಣವ್ವ. ನಿಮ್ಮಪ್ಪನ್ನ ಕೋಣೆಯಿಂದ ಆಚ್ಗೆ ಕರೀಬೇಕಲ್ಲ, ಅದ್ಯಾರು ಮಾಡೋರು?" ಅಂದಳು ಅವ್ವ.

ಎರಡು ದಿನ ಕಳೆಯಿತು. ಮೂರನೆಯ ಬೆಳಿಗ್ಗೆ ನಮ್ಮ ಒಂದೆಕರೆಯಲ್ಲಿ ಇಪ್ಪತ್ತು ಹೆಂಗಸರು ಸಾಲಾಗಿ ಬಗ್ಗಿದ್ದಾಗ ಗೌಡರು ಬಂದರು. ಹಿಂದೆ ಯತೀಶ್ ತಲೆ ತಗ್ಗಿಸಿಕೊಂಡು. ಸೊಪ್ಪು ಎಳೆದು ತಂದಿತೋ ಮನಸ್ಸು ತಂದಿತೋ, ನಾನು ಕೇಳಲಿಲ್ಲ. ಅವ್ವ ಮನೆಗೆ ಹೋಗಿ ಅಪ್ಪನ ರಟ್ಟೆ ಹಿಡಿದು ಎಬ್ಬಿಸಿ, "ಮುಯ್ಯಾಳು ಬಂದವ್ರೆ, ಹೊಲದ ಯಜಮಾನ ಇರದಿದ್ರೆ ಎಂಗೆ?" ಎಂದು ಕರೆತಂದು ಬದುವಿನ ಮೇಲೆ ಕೂರಿಸಿದಳು. ಅಪ್ಪ ನೆಲ ನೋಡುತ್ತಿದ್ದ.

ಗೌಡರು ಪಂಚೆ ಎತ್ತಿ ಕಟ್ಟಿ ಬಗ್ಗಿದರು. ಕೈಯಾರೆ ಕಳೆ ಕಿತ್ತು ಎಷ್ಟು ವರ್ಷವಾಗಿತ್ತೋ, ಕಂಡದ್ದನ್ನೆಲ್ಲ ಕೀಳುತ್ತ ಹೋದರು. ರಾಗಿಯ ಪೈರನ್ನೇ ಹೋಲುವ ಹುಲ್ಲು ಸಾಲಿನೊಳಗೆ ಬೆಳೆದಿತ್ತು. ಗೌಡರು ಹುಲ್ಲು ಬಿಟ್ಟು ರಾಗಿ ಕಿತ್ತರು. ಒಂದಲ್ಲ, ಒಂದು ಮಾರು ಉದ್ದಕ್ಕೂ ಕಿತ್ತರು. ಹೆಂಗಸರು ನೋಡಿದರು, ಯಾರೂ ತುಟಿ ಬಿಚ್ಚಲಿಲ್ಲ. ನಾನು ಒಳಗೊಳಗೇ ಖುಷಿಪಟ್ಟೆ, ಸುಳ್ಳು ಹೇಳುವುದಿಲ್ಲ. ಈಗ ಅಪ್ಪ ಎದ್ದು ಒಂದು ಬಾರಿಸಿದರೆ ಸರಿ ಅಂದುಕೊಂಡೆ.

ಅಪ್ಪ ಎದ್ದ. ನಡೆದು ಬಂದು ಗೌಡರ ಪಕ್ಕ ಕುಕ್ಕರುಗಾಲಲ್ಲಿ ಕೂತ.

"ಗೌಡ್ರೆ, ಅದು ರಾಗಿ."

ಇಪ್ಪತ್ತೆರಡನೆಯ ದಿನ ಅಪ್ಪ ಆಡಿದ ಮೊದಲ ಮಾತು. ಅವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಗೌಡರ ಕೈ ಗಾಳಿಯಲ್ಲೇ ನಿಂತಿತು.

"ಬುಡ ಕೆಂಪುಗಿದ್ರೆ ಹುಲ್ಲು, ಬೆಳ್ಳುಗಿದ್ರೆ ರಾಗಿ. ಇಲ್ನೋಡಿ," ಎಂದು ಅಪ್ಪ ಎರಡನ್ನೂ ಅವರ ಅಂಗೈಯಲ್ಲಿಟ್ಟ. "ಗೊತ್ತಾಗ್ದೆ ತಪ್ ಮಾಡ್ದೋರ್ಗೆ ತೋರುಸ್ಬೇಕು ಕಣ್ರೀ. ಒಡೀಬಾರ್ದು. ನಾನಂತೂ ಅವತ್ತು ತಪ್ಪೂ ಮಾಡಿರ್ಲಿಲ್ಲ."

ಗೌಡರು ಅಂಗೈಯನ್ನೇ ನೋಡುತ್ತಿದ್ದರು. "ಬೆಂಕಿ ಜೋರು ಮಾಡ್ಸಿದ್ದು ನಾನೇ ಅಪ್ಪಾಜಿ," ಅಂದ ಯತೀಶ್, ಎಲ್ಲರಿಗೂ ಕೇಳುವಂತೆ. ಗೌಡರು ಮಗನ ಕಡೆ ತಿರುಗಲಿಲ್ಲ. "ನಂದು ತಪ್ಪಾಯ್ತು ಮುದ್ದಯ್ಯ," ಅಂದರು. ದನಿ ಸಣ್ಣದಾಗಿತ್ತು. "ಆ ಕಡೆ ಸಾಲ್ಗೆ ಕೇಳ್ಸಿಲ್ಲ ಗೌಡ್ರೆ," ಅಂದಳು ಅವ್ವ. ಅವರು ಇನ್ನೊಂದು ಸಲ ಹೇಳಿದರು, ಜೋರಾಗಿ.

ಮಧ್ಯಾಹ್ನ ಹೊಂಗೆ ಮರದ ಕೆಳಗೆ ಅವ್ವ ಮುದ್ದೆ, ಹುರುಳಿಕಾಳಿನ ಸಾರು ಬಡಿಸಿದಳು. ಗೌಡರ ತಟ್ಟೆಯನ್ನು ಅಪ್ಪನ ತಟ್ಟೆಯ ಪಕ್ಕವೇ ಇಟ್ಟಳು. ಅವರು ಒಂದು ಗಳಿಗೆ ಮುದ್ದೆಯ ಮೇಲೆ ಬೆರಳಿಟ್ಟುಕೊಂಡು ಕೂತರು. ಇಪ್ಪತ್ತು ಹೆಂಗಸರು ಉಣ್ಣುವುದು ನಿಲ್ಲಿಸಿ ಕಾದರು. ಆಮೇಲೆ ಅವರು ಮುರಿದು, ಸಾರಲ್ಲಿ ಅದ್ದಿ, ನುಂಗಿದರು. ಮೇಲಿನ ಬೀದಿಗೆ ಈ ಸುದ್ದಿ ಸಂಜೆಯೊಳಗೆ ಮುಟ್ಟುತ್ತದೆಂದು ಅವರಿಗೂ ಗೊತ್ತಿತ್ತು.

ಕೈ ತೊಳೆದು ಗೌಡರು ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡರು. "ಮುಯ್ಯಿ ತೀರ್ತಲ್ಲ ಮರಮ್ಮ? ನಾನಿನ್ನು ಹೊರಡ್ಲಾ?"

ಅವ್ವ ಬಾಯಿ ತೆರೆಯುವ ಮೊದಲೇ ಅಪ್ಪ ಹೇಳಿದ.

"ಎಲ್ತೀರ್ತು ಗೌಡ್ರೆ? ಇನ್ನೂ ಅರ್ಧ ಹೊಲ ಅದೆ. ಎದ್ದೇಳಿ."

ಅಪ್ಪ ಸಾಲಿಗಿಳಿದ. ಗೌಡರು ಟವೆಲನ್ನು ತಲೆಗೆ ಸುತ್ತಿಕೊಂಡು ಅವನ ಹಿಂದೆ ನಡೆದರು.