ಮರಳುಗುಡ್ಡದ ಸೆಲ್ಮರ್

ಸೆಲ್ಮರ್ ಟ್ವೈಟ್ ಎದುರಿನವರು ಹೇಳಿದ್ದನ್ನೆಲ್ಲ ಒಪ್ಪಿಕೊಳ್ಳುತ್ತಿದ್ದ. ಒಪ್ಪಿಕೊಂಡ ಮೇಲೆ ಇದ್ದಲ್ಲಿಂದ ಒಂದಂಗುಲವೂ ಕದಲುತ್ತಿರಲಿಲ್ಲ. ಯಾರು ಏನೇ ಕೇಳಲಿ, ಮೊದಲು ತಲೆಯ ಮೇಲಿನ ಟೋಪಿ ತೆಗೆದು, ಉತ್ತರವೇನಾದರೂ ಅದರೊಳಗೆ ಬಿದ್ದಿದೆಯೇನೋ ಎಂಬಂತೆ ಇಣುಕಿ ನೋಡಿ, ಮತ್ತೆ ತಲೆಗಿಟ್ಟುಕೊಂಡು, "ಅದೂ ಸರಿಯೇ" ಎನ್ನುತ್ತಿದ್ದ. ಹೊಸಬರು ಆ ಮಾತನ್ನು ಸಮ್ಮತಿಯೆಂದೇ ತಿಳಿದು ಹಿಗ್ಗುತ್ತಿದ್ದರು. ವಿಸ್ಕಾನ್ಸಿನ್ನಿನ ಪಶ್ಚಿಮ ಭಾಗದ ಈ ಎಲ್ಕ್ ಹಳ್ಳದ ಕಣಿವೆಯಲ್ಲಿ ಅವನ ಜೊತೆಗೇ ಬೆಳೆದು, ಒಂದೇ ಕೋಣೆಯ ಶಾಲೆಯಲ್ಲಿ ಅವನ ಪಕ್ಕ ಕೂತು ಅಕ್ಷರ ಕಲಿತ ನನ್ನಂಥವರಿಗೆ ಮಾತ್ರ ಅದು ಒಳಗಿನಿಂದ ಚಿಲಕ ಹಾಕಿಕೊಂಡ ಸದ್ದೆಂದು ಗೊತ್ತಿತ್ತು.

ಎತ್ತರದ, ಮೂಳೆ ಬಿಟ್ಟುಕೊಂಡ ಆಳು. ಸಮತಟ್ಟಾದ ರಸ್ತೆಯಲ್ಲೂ ಮುಂದಕ್ಕೆ ಬಾಗಿ, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಏರು ಹತ್ತುವವನ ಹಾಗೆ ನಡೆಯುತ್ತಿದ್ದ. ಮೈಮೇಲೆ ಸದಾ ಕಂದುಬಣ್ಣದ, ಮೊಣಕೈ ಸವೆದ ದಪ್ಪ ಕ್ಯಾನ್ವಾಸಿನ ಕೋಟು. ಅದರ ಜೇಬಿನಲ್ಲಿ ಹುಲ್ಲಿನ ಹೊರೆ ಕಟ್ಟುವ ಹುರಿಯ ಒಂದು ಉಂಡೆ. ಮುರಿದದ್ದು ಏನೇ ಇರಲಿ, ಗೇಟಿನ ತಿರುಗಣಿಯಿಂದ ಹಿಡಿದು ಇಗರ್ಜಿಯ ಕುರ್ಚಿಯ ಕಾಲಿನವರೆಗೆ, ಸೆಲ್ಮರ್ ಆ ಹುರಿಯಿಂದ ಬಿಗಿದು ಕಟ್ಟುತ್ತಿದ್ದ. ಮದುವೆಯಾಗಲಿಲ್ಲ. ಅಕ್ಕ ಆರ್ಡಿಸ್ ಕೂಡ ಆಗಲಿಲ್ಲ. ಇಬ್ಬರೂ ಸೇರಿ ತಂದೆ ಬಿಟ್ಟುಹೋದ ಹಸುಗಳನ್ನು, ಆ ಹಸುಗಳ ಮಕ್ಕಳು ಮೊಮ್ಮಕ್ಕಳನ್ನು, ಬೆಳಗ್ಗೆ ಸಂಜೆ ತಪ್ಪದೆ ಕರೆಯುತ್ತ ಮುದುಕರಾದರು.

ಮನೆಯ ಪಡುವಣಕ್ಕೆ ಅವರದೇ ಗುಡ್ಡ. ನಾರ್ವೆಯಿಂದ ಬಂದ ಅಜ್ಜ ಕಣಿವೆಯ ತಳದ ಕಪ್ಪು ಮಣ್ಣಿಗೆ ಆಸೆಪಟ್ಟು ಭೂಮಿ ಕೊಂಡಾಗ ಗುಡ್ಡ ಬೇಡವೆಂದರೂ ಜೊತೆಗೆ ಬಂದಿತ್ತು. ನೆತ್ತಿಯಲ್ಲಿ ಒಂದಷ್ಟು ಓಕ್ ಮರಗಳು, ಪಕ್ಕೆಗಳಲ್ಲಿ ಒಣಹುಲ್ಲು, ಒಳಗೆಲ್ಲ ಉಗುರಿನಲ್ಲಿ ಕೆರೆದರೆ ಉದುರುವ ಬಿಳಿಯ ಮರಳುಗಲ್ಲು. ಮೂರು ತಲೆಮಾರು ಆ ಮರಳನ್ನು ಬಯ್ದುಕೊಂಡೇ ಬಾಳಿದವು. ಸೆಲ್ಮರ್ ಮಾತ್ರ ದಿನಕ್ಕೊಮ್ಮೆ ಅದನ್ನು ಹತ್ತಿ ಇಳಿಯುತ್ತಿದ್ದ. ಏಕೆಂದು ಕೇಳಿದರೆ ಬೇಲಿ ನೋಡುವುದಕ್ಕೆ ಎನ್ನುತ್ತಿದ್ದ. ಆ ಕಡೆ ಬೇಲಿಯೇ ಇರಲಿಲ್ಲ.

ಹೀಗಿರುವಾಗ ದೇಶದ ದಕ್ಷಿಣದಲ್ಲಿ, ಟೆಕ್ಸಾಸಿನ ನೆಲದಾಳದ ಬಂಡೆಗಳನ್ನು ನೀರಿನ ಪ್ರಚಂಡ ಒತ್ತಡದಿಂದ ಸೀಳಿ, ಅವುಗಳ ಹೊಟ್ಟೆಯೊಳಗಿನ ಎಣ್ಣೆಯನ್ನೂ ಅನಿಲವನ್ನೂ ಹೀರುವ ವಿದ್ಯೆ ಕೈಹತ್ತಿತು; ಮತ್ತು ಆ ವಿದ್ಯೆಗೆ ನಮ್ಮ ಗುಡ್ಡಗಳ ಮರಳೇ ಬೇಕೆಂದು ಯಾರೋ ಕಂಡುಹಿಡಿದರು. ಒಂದು ಭಾನುವಾರ ಪ್ರಾರ್ಥನೆ ಮುಗಿದ ಮೇಲೆ, ಇಗರ್ಜಿಯ ನೆಲಮಾಳಿಗೆಯಲ್ಲಿ ನಾವೆಲ್ಲ ಕಾಫಿ ಕುಡಿಯುತ್ತಿದ್ದಾಗ, ಗಣಿ ಕಂಪನಿಯೊಂದರ ಬ್ರೇಡೆನ್ ಎಂಬ ಯುವಕ ಒಂದು ಗಾಜಿನ ಜಾಡಿಯಲ್ಲಿ ಆ ಮರಳನ್ನು ತುಂಬಿ ತಂದು ಮೇಜಿನ ಮೇಲೆ, ಲೆಫ್ಸೆ ರೊಟ್ಟಿಯ ತಟ್ಟೆಯ ಪಕ್ಕದಲ್ಲಿ ಇಟ್ಟ.

"ಮುಟ್ಟಿ ನೋಡಿ ಟ್ವೈಟ್ ಅವರೇ. ಒಂದೊಂದು ಕಾಳೂ ಗೋಲಿಯ ಹಾಗೆ ದುಂಡಗಿದೆ. ಎಷ್ಟು ಒತ್ತಿದ್ರೂ ಪುಡಿಯಾಗಲ್ಲ. ಬಂಡೆ ಬಿರುಕು ಬಿಟ್ಟಿತಲ್ಲ, ಅದು ಮತ್ತೆ ಮುಚ್ಚಿಕೊಳ್ಳದ ಹಾಗೆ ಈ ಮರಳು ಆನಿಸಿ ಹಿಡಿಯುತ್ತೆ. ಎಣ್ಣೆ ಆ ಸಂದಿಯಿಂದ ಹರಿದು ಬರುತ್ತೆ."

"ಆಮೇಲೆ ಮರಳು ಮೇಲೆ ಬರುತ್ತೋ?"

"ಇಲ್ಲ ಸಾರ್. ಅದು ಅಲ್ಲೇ ಇರಬೇಕು. ಎರಡು ಮೈಲಿ ಕೆಳಗೆ, ಯಾವತ್ತಿಗೂ."

ಸೆಲ್ಮರ್ ಟೋಪಿಯೊಳಗೆ ಬಹಳ ಹೊತ್ತು ನೋಡಿದ. "ಅದೂ ಸರಿಯೇ" ಎಂದ. ಹುಡುಗ ಜೇಬಿನಿಂದ ಪೆನ್ನು ತೆಗೆದ. ನಾನು ಮುಖ ಆಚೆ ತಿರುಗಿಸಿ ನಕ್ಕೆ.

ಕಣಿವೆಯವರೆಲ್ಲ ಒಬ್ಬೊಬ್ಬರಾಗಿ ತಮ್ಮ ಗುಡ್ಡಗಳನ್ನು ಗಣಿಗೆ ಕೊಡಲು ಒಪ್ಪಿಕೊಂಡರು; ಹಾಲಿನ ಬೆಲೆ ನೆಲಕಚ್ಚಿದ ವರ್ಷಗಳು ಅವು, ಯಾರನ್ನೂ ದೂರುವಂತಿರಲಿಲ್ಲ. ಆದರೆ ಮರಳು ಸಾಗಿಸುವ ರೈಲುಹಳಿ ಹಾಸಲು ಇದ್ದ ದಾರಿ ಸೆಲ್ಮರನ ಭೂಮಿಯೊಂದೇ. ಅವನು ಕೊಡದಿದ್ದರೆ ಉಳಿದವರ ಒಪ್ಪಂದವೂ ವ್ಯರ್ಥ. ಆಗ ಶುರುವಾಯಿತು ನೋಡಿ, ನಮ್ಮ ಕಣಿವೆಯ ಸೌಜನ್ಯಪೂರ್ಣ ಕ್ರೌರ್ಯ. ಯಾರೂ ಬಯ್ಯಲಿಲ್ಲ. ಚಳಿಗಾಲದಲ್ಲಿ ಅವನ ದಾರಿಯ ಹಿಮವನ್ನು ತಾನಾಗಿಯೇ ಗೋರಿಕೊಡುತ್ತಿದ್ದ ಪಕ್ಕದ ಹೊಲದ ಕ್ಲೆಮೆನ್ಸ್ ಸೊಬೊಟಾ ಆ ವರ್ಷ ಗೋರಲಿಲ್ಲ, ಅಷ್ಟೆ. ನೆಲಮಾಳಿಗೆಯಲ್ಲಿ ಸೆಲ್ಮರ್ ಕೂತ ಮೇಜಿಗೆ ಕಾಫಿ ಕೊನೆಯಲ್ಲಿ ಬಂತು. ಅವನು ಆರಿದ್ದನ್ನು ಆರಿದ ಹಾಗೆಯೇ ಕುಡಿದು, ಕುರ್ಚಿಗಳನ್ನು ಮಡಿಸಿಟ್ಟು ಮನೆಗೆ ಹೋಗುತ್ತಿದ್ದ. ಹೀಗೆ ವರ್ಷಗಳೇ ಉರುಳಿದವು. ಊರಿಗೆ ಸೋಲದವನು ಸೋತದ್ದು ಅಕ್ಕನಿಗೆ.

ಆರ್ಡಿಸಳ ಸೊಂಟ ಆಗ ಬಿದ್ದುಹೋಗಿತ್ತು. ಗೋಡೆ ಹಿಡಿದು ಕೊಟ್ಟಿಗೆಗೆ ಹೋಗುತ್ತಿದ್ದಳು. ಒಂದು ಮಧ್ಯಾಹ್ನ, ನಾನು ಮೊಟ್ಟೆ ಕೊಳ್ಳಲು ಹೋಗಿ ಅಡುಗೆಮನೆಯಲ್ಲಿ ಕೂತಿದ್ದಾಗಲೇ, ಆಕೆ ತಮ್ಮನ ಮುಂದೆ ಮಾತು ತೆಗೆದಳು.

"ಟೈಮೆಷ್ಟೋ ಈಗ?"

"ಮೂರೂವರೆ."

"ದೀಪ ಹಾಕಿದೀನಿ, ನೋಡಿದೆಯಾ? ಹುಟ್ಟಿದಾಗಿನಿಂದ ಈ ಮನೇಲಿ ಮೂರೂವರೆಗೆ ಕತ್ತಲೆ ಕಣೋ. ಸೊಬೊಟಾ ಮನೇಲಿ ಊಟದ ಹೊತ್ತಿಗೂ ಬಿಸಿಲಿರುತ್ತೆ. ಆ ಗುಡ್ಡ ನಿನಗೆ ಏನು ಕೊಡ್ತೋ ನಂಗೊತ್ತಿಲ್ಲ. ನನ್ನ ಬಟ್ಟೆ ಒಂದು ದಿನವೂ ಸರಿಯಾಗಿ ಒಣಗಲಿಲ್ಲ. ಸಾಯೋದರೊಳಗೆ ಈ ಕಿಟಕೀಲಿ ಒಂದು ಸಾಯಂಕಾಲ ನೋಡಬೇಕು. ಅಷ್ಟೇ ನಾನು ಕೇಳ್ತಿರೋದು."

ನಾನು ಮೊಟ್ಟೆಯ ಬುಟ್ಟಿಯನ್ನೇ ನೋಡುತ್ತ ಕೂತೆ. ಅವನು ಟೋಪಿ ತೆಗೆಯಲಿಲ್ಲ. "ಅದೂ ಸರಿಯೇ" ಎನ್ನಲಿಲ್ಲ. ಎದ್ದು ಹೊರಗೆ ಹೋಗಿ, ಗುಡ್ಡ ಹತ್ತಿ, ಕತ್ತಲಾದ ಮೇಲೆ ಇಳಿದುಬಂದನಂತೆ. ಮರುದಿನ ಸಹಿ ಹಾಕಿದ.

ಗುಡ್ಡವನ್ನು ಕೊಟ್ಟವನು ಆಮೇಲೆ ಮಾಡಿದ್ದು ಊರನ್ನೇ ಬೆರಗುಗೊಳಿಸಿತು. ಗಣಿಯಲ್ಲಿ ಕೆಲಸ ಕೇಳಿಕೊಂಡು ಹೋದ. ಹಸುಗಳನ್ನು ಮಾರಿಯಾಗಿತ್ತು, ಕೈ ಸುಮ್ಮನಿರದು. ಕಂಪನಿಯವರು ಅವನನ್ನು ದೂಳು ಅಡಗಿಸಲು ಗಣಿಯ ರಸ್ತೆಗಳಿಗೆ ನೀರು ಚಿಮುಕಿಸುವ ಟ್ಯಾಂಕರಿಗೆ ಹಾಕಿದರು. ಆ ಹಳೆಯ ಕೋಟಿನ ಮೇಲೆಯೇ ಹೊಳೆಯುವ ಹಳದಿ ಅಂಗಿ ತೊಟ್ಟು, ತನ್ನ ಗುಡ್ಡ ಸಿಡಿಮದ್ದಿಗೆ ಸಿಡಿದು ಲಾರಿಗಳಲ್ಲಿ ಹೋಗುತ್ತಿದ್ದ ದಾರಿಗೆ ತಾನೇ ನೀರೆರೆಯುತ್ತ, ಮೆಲ್ಲಗೆ, ಹಸುಗಳನ್ನು ಮೇವಿಗೆ ಹೊಡೆದುಕೊಂಡು ಹೋಗುವಷ್ಟೇ ಮೆಲ್ಲಗೆ, ಓಡಿಸುತ್ತಿದ್ದ.

"ಮಗಳನ್ನ ಕೊಡಲ್ಲ ಅಂತ ಹಟ ಹಿಡಿದವನೇ ಈಗ ಮದುವೆ ಮನೇಲಿ ಬಡಿಸೋಕೆ ನಿಂತಿದಾನೆ ನೋಡ್ರಪ್ಪಾ" ಎಂದು ಕ್ಲೆಮೆನ್ಸ್ ಎಲ್ಲರನ್ನೂ ನಗಿಸಿದ. ಸೆಲ್ಮರನೂ ನಕ್ಕ.

ಅವನಿಗೆ ಅದರಲ್ಲಿ ಒಂದು ಬಗೆಯ ಹೆಮ್ಮೆ ಬಂದಿತ್ತೆಂದು ಬರೆಯಲು ಸಂಕೋಚವಾಗುತ್ತದೆ, ಆದರೆ ನಿಜ. ಪೆಟ್ರೋಲಿನ ಬೆಲೆ ಇಳಿದಾಗ, ನಾವೀಗ ಹೊರಗಿನವರ ಎಣ್ಣೆಗೆ ಕೈಚಾಚಬೇಕಿಲ್ಲವೆಂದು ರೇಡಿಯೋ ಹೇಳಿದಾಗ, ತಾನೇ ಆ ಬಂಡೆಯನ್ನು ಆನಿಸಿ ಹಿಡಿದು ನಿಂತವನಂತೆ ಅವನ ಬೆನ್ನು ಚೂರು ನೆಟ್ಟಗಾಗುತ್ತಿತ್ತು. "ನಮ್ಮ ಗುಡ್ಡ ಈಗ ಟೆಕ್ಸಾಸಿನ ಅಡಿಗಿದೆ ಕಣಯ್ಯಾ" ಎಂದು ಒಮ್ಮೆ ನನಗೆ ಹೇಳಿದ, ದೂರದೂರಿನಲ್ಲಿ ಕೆಲಸ ಸಿಕ್ಕಿದ ತಮ್ಮನ ಸುದ್ದಿ ಹೇಳುವ ಧಾಟಿಯಲ್ಲಿ.

ಆರ್ಡಿಸಳ ಸಾಯಂಕಾಲವೂ ಬಂತು. ಗುಡ್ಡದ ಹೆಗಲು ಕರಗಿ, ಒಂದು ಅಕ್ಟೋಬರಿನಲ್ಲಿ ಸಂಜೆಯ ಬಿಸಿಲು ಮೊದಲ ಸಲ ಆ ಕಿಟಕಿಯಿಂದ ಒಳಗೆ ಬಂದು, ಮೇಜಿನ ಮೇಲೆ, ಒಲೆಯ ಮೇಲೆ, ತಾಯಿಯ ಕಾಲದ ನೀಲಿ ತಟ್ಟೆಗಳ ಮೇಲೆ ಹಾಸಿಕೊಂಡಿತು. ಹಾಸಿಕೊಂಡದ್ದೇ ತಡ, ಬೆಳಗ್ಗೆ ತಾನೇ ಒರೆಸಿದ್ದ ಎಲ್ಲದರ ಮೇಲೆಯೂ ಹಿಟ್ಟಿನಂಥ ಬಿಳಿ ದೂಳು ಕೂತಿರುವುದು ಕಾಣಿಸಿತು. ಆಕೆ ಕೆಲವು ದಿನ ಒರೆಸಿದಳು. ಆಮೇಲೆ ಪರದೆ ಎಳೆದುಬಿಟ್ಟಳು. ಮುಂದಿನ ವಸಂತಕ್ಕೆ ಪಟ್ಟಣದಲ್ಲಿ ವೃದ್ಧರ ವಸತಿಯೊಂದರಲ್ಲಿ ಕೋಣೆ ಹಿಡಿದು ಹೊರಟುಹೋದಳು. ಬಾ ಎಂದು ಕರೆದಳು. ಅವನು ಹೋಗಲಿಲ್ಲ.

ಬಳಿಕ ಟೆಕ್ಸಾಸಿನವರು ತಮ್ಮ ಬಾವಿಗಳ ಪಕ್ಕದಲ್ಲೇ ತಮ್ಮದೇ ಮರಳನ್ನು ತೋಡಿಕೊಂಡರು. ನಮ್ಮದರಷ್ಟು ಗಟ್ಟಿಯಲ್ಲವಂತೆ, ದುಂಡಗೂ ಇಲ್ಲವಂತೆ. ಆದರೆ ರೈಲಿನ ಖರ್ಚಿಲ್ಲ. ನಮ್ಮ ಗಣಿ ಚಳಿಗಾಲಕ್ಕೆಂದು ಮುಚ್ಚಿದ್ದು ಮತ್ತೆ ತೆರೆಯಲಿಲ್ಲ. ಕಂಪನಿ ದಿವಾಳಿಯೆದ್ದಿತು. ಅಗೆದ ಜಾಗದಲ್ಲಿ ಮಣ್ಣು ಹರಡಿ, ಹುಲ್ಲು ಬಿತ್ತಿ, ಗುಡ್ಡಕ್ಕೆ ಗುಡ್ಡದ ಆಕಾರ ಕೊಟ್ಟೇ ಹೋಗುತ್ತೇವೆಂದಿದ್ದ ಮಾತೂ ಅದರ ಜೊತೆಗೇ ಹೋಯಿತು. ಉಳಿದದ್ದು ಒಂದು ಕುಳಿ, ಅದರ ತಳದಲ್ಲಿ ಹಾಲು ಒಡೆದಂಥ ಬಣ್ಣದ ನೀರು, ದಂಡೆಯಲ್ಲಿ ಗಾಳಿಗೆ ಏಳುವ ದೂಳಿನ ರಾಶಿಗಳು. ಕ್ಲೆಮೆನ್ಸನ ಹೆಂಡತಿ ಲೊರೇನ್ ಎರಡು ಹೆಜ್ಜೆಗೊಮ್ಮೆ ಕೆಮ್ಮುತ್ತಿದ್ದಳು.

ಆ ಬೇಸಿಗೆ ಕ್ಲೆಮೆನ್ಸ್ ಬೇಲಿಯ ಹತ್ತಿರ ಸೆಲ್ಮರನನ್ನು ತಡೆದು ನಿಲ್ಲಿಸಿದ. ನಾನು ಜೊತೆಗಿದ್ದೆ.

"ನೀನೊಬ್ಬ ಗಟ್ಟಿಯಾಗಿ ನಿಂತಿದ್ದಿದ್ರೆ ಸಾಕಾಗಿತ್ತು ಸೆಲ್ಮರ್. ಹಳಿ ಬರ್ತಿರಲಿಲ್ಲ. ನಾವೆಲ್ಲ ಉಳೀತಿದ್ವಿ. ಎಲ್ಲಾ ನಿನ್ನಿಂದಾನೇ ಆಗಿದ್ದು."

ನನ್ನ ಮೈ ಉರಿದುಹೋಯಿತು. ಹಿಮದ ದಾರಿಯನ್ನು, ಆರಿದ ಕಾಫಿಯನ್ನು ನೆನಪಿಸಲು ಬಾಯಿ ತೆರೆದೆ. ಸೆಲ್ಮರ್ ನನ್ನ ತೋಳು ಹಿಡಿದು, ಟೋಪಿಯೊಳಗೆ ಒಮ್ಮೆ ಇಣುಕಿ, "ಅದೂ ಸರಿಯೇ" ಎಂದ. ಈ ಸಲ ಅವನು ನಿಜವಾಗಿಯೂ ಒಪ್ಪಿಕೊಂಡಿದ್ದನೆಂದು ತಿಳಿಯಲು ನನಗೆ ಕೆಲವು ದಿನ ಬೇಕಾಯಿತು.

ಏಕೆಂದರೆ ಮರುವಾರ ಅವನು, ಹಿಂದೆ ಕೊಟ್ಟಿಗೆಯ ಗಂಜಲ ಸಾಗಿಸುತ್ತಿದ್ದ ತುಕ್ಕುಹಿಡಿದ ಟ್ಯಾಂಕನ್ನು ಟ್ರ್ಯಾಕ್ಟರಿಗೆ ಸಿಕ್ಕಿಸಿ, ಸೋರುವ ಮೂತಿಯನ್ನು ಹುರಿಯಿಂದ ಬಿಗಿದು, ಹಳ್ಳದ ನೀರು ತುಂಬಿಸಿ, ಯಾರ ಹಂಗೂ ಇಲ್ಲದೆ, ಯಾರ ಅಪ್ಪಣೆಯೂ ಇಲ್ಲದೆ, ಆ ದೂಳಿನ ರಾಶಿಗಳಿಗೆ ನೀರು ಹಾಕತೊಡಗಿದ. ಕ್ಲೆಮೆನ್ಸನ ಗೇಟಿನವರೆಗೂ ಹಾಕುತ್ತಿದ್ದ. ಇಳಿಜಾರುಗಳಲ್ಲಿ ಹುಲ್ಲಿನ ಬೀಜ ಎರಚಿದ, ಮಳೆ ಕೊಚ್ಚಿಕೊಂಡು ಹೋಯಿತು, ಮತ್ತೆ ಎರಚಿದ. ಒಂದು ದಿನ ನಾನು ರೇಗಿದೆ: "ಕಂಪನಿ ಮಾಡಬೇಕಾದ ಕೆಲಸ ಅದು. ನಿಂಗ್ಯಾಕೆ ಬೇಕು ಮಾರಾಯ?"

"ಅವರು ಇಲ್ವಲ್ಲ" ಎಂದ.

ಎರಡು ಬೇಸಿಗೆ ಹೀಗೆ ಕಳೆಯಿತು. ಮೂರನೆಯದರಲ್ಲಿ ಉಸಿರು ಎಳೆಯುವುದೇ ಅವನಿಗೆ ದೊಡ್ಡ ಕೆಲಸವಾಯಿತು. ವೈದ್ಯರು ಶ್ವಾಸಕೋಶದ ಚಿತ್ರ ತೆಗೆದು ಆರ್ಡಿಸಳಿಗೆ ತೋರಿಸಿದರು. ತಮ್ಮನಿಗೆ ಆಕೆ ಏನೂ ಹೇಳಲಿಲ್ಲ, ಅವನೂ ಕೇಳಲಿಲ್ಲ. ಎಲೆ ಉದುರುವ ಹೊತ್ತಿಗೆ ತೀರಿಕೊಂಡ. ಶವಪೆಟ್ಟಿಗೆ ಹೊತ್ತವರಲ್ಲಿ ಕ್ಲೆಮೆನ್ಸನೂ ಇದ್ದ. ಇಗರ್ಜಿಯ ಮೆಟ್ಟಿಲ ಮೇಲೆ ಆರ್ಡಿಸ್ ನನ್ನ ಕೈ ಹಿಡಿದು, ಕಣ್ಣೊರೆಸಿಕೊಳ್ಳದೆ ಹೇಳಿದಳು: "ಅವನಿಗೆ ಸಿಟ್ಟು ಮಾಡಿಕೊಳ್ಳೋಕೆ ಬರ್ತಿದ್ದಿದ್ರೆ ಇನ್ನಷ್ಟು ವರ್ಷ ಬದುಕ್ತಿದ್ದ. ನನ್ನ ಮೇಲಾದ್ರೂ ಮಾಡಿಕೋಬೇಕಿತ್ತು."

ಆ ಕುಳಿಯಲ್ಲಿ ಹುಲ್ಲು ಇನ್ನೂ ಹಿಡಿದಿಲ್ಲ. ನೆಲದಿಂದ ಏನನ್ನಾದರೂ ಅಗೆದು ತೆಗೆಯುವ ಊರುಗಳಲ್ಲೆಲ್ಲ ಸೆಲ್ಮರನಂಥ ಒಬ್ಬಿಬ್ಬರು ಇರುತ್ತಾರೆಂದು ನಾನು ಈಗೀಗ ನಂಬತೊಡಗಿದ್ದೇನೆ. ಲಾಭದ ಕಥೆ ಹೇಳುವವರಿಗೂ ಅನ್ಯಾಯದ ಕಥೆ ಹೇಳುವವರಿಗೂ ಅವರು ಉಪಯೋಗಕ್ಕೆ ಬರುವುದಿಲ್ಲ, ಏಕೆಂದರೆ ಅವರು ಯಾವ ಪಕ್ಷದಲ್ಲೂ ನಿಂತು ಕೂಗುವವರಲ್ಲ. ಇಂಥವರಿಂದ ಒಪ್ಪಿಗೆ ಪಡೆಯುವುದು ಬಲು ಕಷ್ಟ. ಪಡೆದ ಮೇಲೆ ಅವರನ್ನು ವಂಚಿಸುವುದಕ್ಕಿಂತ ಸುಲಭದ ಕೆಲಸ ಲೋಕದಲ್ಲಿ ಇನ್ನೊಂದಿಲ್ಲ. ಮಾತು ಕೊಟ್ಟವರು ಇಬ್ಬರಾದರೆ, ಇನ್ನೊಬ್ಬ ಎದ್ದುಹೋದ ದಿನ ಅವನ ಪಾಲಿನ ಮಾತನ್ನೂ ತಮ್ಮ ತಲೆಯ ಮೇಲೆ ಹೊತ್ತುಕೊಂಡು, ಅದು ತಮ್ಮದೇ ಎಂಬಂತೆ, ಉಸಿರಿರುವವರೆಗೆ ದುಡಿಯುವ ಜನ ಅವರು.