ನೋವಿನ ಬಾಟಲಿ

ಡಾಕ್ಟರು ಹೇಳಿದ ದಿನ ದಾಟಿ ವಾರವಾದರೂ ಪಾತಮ್ಮನಿಗೆ ನೋವು ಬಂದಿರಲಿಲ್ಲ. ಚಳ್ಳಕೆರೆಯ ಆಸ್ಪತ್ರೆಯಲ್ಲಿ ಅವಳನ್ನು ಮಲಗಿಸಿ, ಬೆಳಿಗ್ಗೆಯೇ ನರ್ಸ್ ರಾಧಮ್ಮ ಬಾಟಲಿ ನೇತುಹಾಕಿದಳು. ಗ್ಲೂಕೋಸಿನೊಳಗೆ ನೋವು ಬರಿಸುವ ಔಷಧಿ.

"ಸಂಜೆಯೊಳಗೆ ಹೆರ್ತೀಯ. ನಾಳೆ ಊರಿಗೆ" ಎಂದಳು ರಾಧಮ್ಮ, ಒಳ್ಳೆಯ ಸುದ್ದಿ ಹೇಳುವವಳಂತೆ.

ಊರೆಂದರೆ ಹಟ್ಟಿ. ಬಾಣಂತಿಗೆ ಹಟ್ಟಿಯೂ ಅಲ್ಲ, ಅದರ ಬೇಲಿಯಾಚೆಯ ಹುಲ್ಲಿನ ಗುಡ್ಲು. ಹೆತ್ತವಳೂ ಕೂಸೂ ಮೈಲಿಗೆ. ತಿಂಗಳು ಕಳೆದು ದೇವರ ತೀರ್ಥ ಬೀಳುವವರೆಗೆ ಯಾರೂ ಮುಟ್ಟುವಂತಿಲ್ಲ. ಮೊದಲ ಕೂಸು ಅಲ್ಲೇ ಮಳೆಗೆ ನೆನೆದು, ಕಫ ಕಟ್ಟಿ ಸತ್ತಿತ್ತು. ಅದಕ್ಕೇ ಈ ಸಲ ಆಸ್ಪತ್ರೆ ಎಂದು ಗಂಡ ಜುಂಜಣ್ಣ ಹಟ ಹಿಡಿದಿದ್ದ. ಅವನ ಹಟ ಹೆರಿಗೆಯವರೆಗೆ ಮಾತ್ರ. ಆಮೇಲಿನದಕ್ಕೆ ಅವನು ಅವ್ವನ ಮಗ.

ಪಕ್ಕದ ಮಂಚದಲ್ಲಿ ಮೊಳಕಾಲ್ಮೂರು ಕಡೆಯ ದುರುಗಕ್ಕ ಹೆರಿಗೆಯ ಆಪರೇಷನ್ ಆಗಿ ಮಲಗಿದ್ದಳು.

"ನೀನ್ಯಾವಾಗ ಹೋಗ್ತೀಯಕ್ಕ?"

"ಹೊಲಿಗೆ ಬಿಚ್ಚಬೇಕಲ್ಲಮ್ಮಾ. ಎಂಟು ದಿನ ಕಳ್ಸಲ್ಲ. ನಮ್ಮತ್ತೆ ಮುದ್ದೆ ಹೊತ್ಕೊಂಡು ಬಸ್ಸಲ್ಲಿ ಬರ್ತಾಳೆ, ನೋಡು. ಮದುವೆ ಆದ ಮ್ಯಾಲೆ ಸಿಕ್ಕ ರಜ ಇದೊಂದೇ!" ನಗಲು ಹೋಗಿ ಹೊಟ್ಟೆ ಹಿಡಿದುಕೊಂಡಳು. "ನಗಿಸಬ್ಯಾಡ, ಹರೀತೈತೆ."

ಎಂಟು ದಿನ. ಮೇಲೆ ತಾರಸಿ. ಗುಡ್ಲಿನ ಲೆಕ್ಕದಲ್ಲಿ ಎಂಟು ದಿನ ಕಮ್ಮಿ, ಅಷ್ಟರಲ್ಲಿ ಕೂಸಿಗೂ ಚೂರು ಜೀವ ಬಂದಿರುತ್ತದೆ. ನೋವು ಬಾರದಿದ್ದರೆ ತನಗೂ ಆಪರೇಷನ್ನೇ. ಪಾತಮ್ಮ ಕೈಚಾಚಿ ಕೊಳವೆಯ ಮೇಲಿನ ಪುಟ್ಟ ಗಾಲಿಯನ್ನು ತಿರುಗಿಸಿದಳು. ಹನಿ ನಿಂತಿತು.

ರಾಧಮ್ಮನ ಚಪ್ಪಲಿ ಸದ್ದಾದಾಗ ಬಿಡುವುದು, ಅವಳು ಹೋದ ಮೇಲೆ ಕಟ್ಟುವುದು. ದುರುಗಕ್ಕ ನೋಡಿದಳು. ಗೋಡೆಯ ಕಡೆ ತಿರುಗಿದಳು.

"ಏನಮ್ಮಾ, ಈ ಔಷಧಿಗೆ ಬೇರೆಯೋರು ಗೋಡೆ ಹತ್ತತಾರೆ, ನೀನು ಆಕಳಿಸ್ತೀಯಲ್ಲ" ಎಂದಳು ರಾಧಮ್ಮ ಮಧ್ಯಾಹ್ನ. ಅಷ್ಟಿಷ್ಟು ಬಂದ ನೋವನ್ನು ಪಾತಮ್ಮ ಹಲ್ಲಿನಲ್ಲೇ ಕಚ್ಚಿ ಮುಗಿಸಿದ್ದಳು.

ಹೊತ್ತು ಇಳಿಯುವಾಗ ಡಾಕ್ಟರಮ್ಮ ಬಂದು ಪರೀಕ್ಷಿಸಿದಳು. ಗರ್ಭದ ಬಾಯಿ ತೆರೆದಿರಲಿಲ್ಲ. ಹೊಟ್ಟೆಗೆ ಕಿವಿಗೊಟ್ಟು ಕೇಳಿ ಮುಖ ಗಂಟಿಕ್ಕಿದಳು. "ಮಗು ಸುಸ್ತಾಗ್ತಿದೆ. ಇನ್ನು ಕಾಯೋದು ಬೇಡ. ಆಪರೇಷನ್."

ಮಗು ಸುಸ್ತಾಗುತ್ತಿದೆ ಎಂಬ ಮಾತು ಪಾತಮ್ಮನ ಲೆಕ್ಕದಲ್ಲಿ ಇರಲಿಲ್ಲ. ಸ್ಟ್ರೆಚರ್ ಮೇಲೆ ಹೋಗುವಾಗಲೂ ಅವಳ ಬೆರಳುಗಳು ಆ ಗಾಲಿಯನ್ನು ಹುಡುಕುತ್ತಿದ್ದವು, ಈಗ ಪೂರ್ತಿ ಬಿಡಲು.

ಗಂಡು. ಬದುಕಿತ್ತು. ಅತ್ತೆ ನಿಂಗಕ್ಕ ವಾರ್ಡಿನ ಹೊಸ್ತಿಲಾಚೆ ನಿಂತು ಮೊಮ್ಮಗನನ್ನು ಕತ್ತು ಚಾಚಿ ನೋಡಿದಳು. "ನಮ್ಮ ಮಾವನ ಮೂಗು" ಎಂದು ಕಣ್ಣು ಒರೆಸಿಕೊಂಡಳು. ಒಳಗೆ ಬರಲಿಲ್ಲ. ಎಂಟು ದಿನವೂ ಅಲ್ಲಿಂದಲೇ ಊಟದ ಡಬ್ಬಿ ಒಳಕ್ಕೆ ತಳ್ಳಿದಳು.

ಹೊಲಿಗೆ ಬಿಚ್ಚಿದ ದಿನ ಟೆಂಪೋ ಅವರನ್ನು ಬೇಲಿಯ ಬಳಿ ಇಳಿಸಿತು. ಜುಂಜಣ್ಣ ಗುಡ್ಲಿಗೆ ಹೊಸ ಹುಲ್ಲು ಹೊದಿಸಿದ್ದ. ಅದನ್ನು ಎರಡು ಸಲ ತೋರಿಸಿದ.

"ಅತ್ತೆ, ಎಂಟು ದಿನ ಮುಗೀತು. ಇನ್ನು ಉಳಿದಿದ್ದಷ್ಟೇ ಅಲ್ವಾ?"

ನಿಂಗಕ್ಕ ಸೊಸೆಯನ್ನು ಬೆರಗಿನಿಂದ ನೋಡಿದಳು. "ಆಸ್ಪತ್ರೆ ದಿನ ದ್ಯಾವ್ರಿಗೆ ಹೆಂಗೆ ಗೊತ್ತಾಗ್ತೈತೆ? ಗುಡ್ಲಿಗೆ ಕಾಲಿಟ್ಟ ದಿನದಿಂದ ಕಣವ್ವ ಲೆಕ್ಕ. ನಾನೂ ಇಲ್ಲೇ ಕುಂತು ಎದ್ದೋಳು. ಯಾರು ಕಳೆದ್ರು ನಂಗೆ ಒಂದು ದಿನಾನ?"

ಗುಡ್ಲಿನ ಬಾಯಿ ಸೊಂಟದಷ್ಟೇ ಎತ್ತರ. ಪಾತಮ್ಮ ಬಗ್ಗಲು ನೋಡಿದಳು. ಕೊಯ್ದ ಜಾಗ ಬಿಗಿದು ಉಸಿರು ನಿಂತಿತು. ಕೂಸನ್ನು ಚೂರು ಹಿಡಿದುಕೊಳ್ಳಿ ಎಂದು ತಿರುಗಿದಳು. ಜುಂಜಣ್ಣನ ಕೈ ಮುಂದೆ ಬಂದು, ಅವ್ವನ ಮುಖ ನೋಡಿ, ಹಿಂದೆ ಹೋಯಿತು.

"ಮೆಲ್ಲಗೆ" ಎಂದ.

ಅವಳು ಗುಡ್ಲಿನ ಗೂಟ ಹಿಡಿದು ಮಂಡಿಯೂರಿದಳು. ಕೂಸನ್ನು ಮೊದಲು ಕತ್ತಲೊಳಗೆ, ನೆಲದ ಮೇಲೆ ಇಟ್ಟು, ಅದರ ಹಿಂದೆ ತೆವಳಿದಳು.